ವಲ್ಲಿಯೊಳಗಿನ ಕೈ ಹೇಳಿದ ಬೆಲೆ

ಆ ಕಾರಿಗೆ ನಾನು ಕೊಟ್ಟದ್ದು ಒಂಬೈನೂರು ರೂಪಾಯಿ, ನಿಜಾಮರ ಹಾಲಿ ಸಿಕ್ಕಾ ನಾಣ್ಯದಲ್ಲಿ. ಅದಕ್ಕೆ ಎಂಜಿನ್ ಇರಲಿಲ್ಲ. ಸೀಟಿನ ಚರ್ಮ ಹೋಗಿತ್ತು. ಮಾರುವವನಿಗೆ ಇನ್ನೂರಕ್ಕಿಂತ ಹೆಚ್ಚು ಕೇಳುವ ವಿಚಾರವೇ ಇರಲಿಲ್ಲ. ನಾನು ನೂರೈವತ್ತಕ್ಕೆ ವ್ಯಾಪಾರ ಮುಗಿಸಿಕೊಂಡು ಬರಬೇಕೆಂದು ಹೋಗಿದ್ದೆ. ಮಾರುವವನ ಮನಸ್ಸಿನಲ್ಲಿದ್ದುದಕ್ಕಿಂತ ಹೆಚ್ಚು ಕೊಟ್ಟು ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಯಾಕೆ ಕೊಟ್ಟೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸತ್ತವರು ಬರುತ್ತಾರೆ, ಮುಟ್ಟುತ್ತಾರೆ ಎಂಬುದನ್ನೆಲ್ಲ ನಾನು ನಂಬಿದವನಲ್ಲ. ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಖಾಲಿ ಗೋಣಿಚೀಲ ಆಯ್ದು ಮಾರುತ್ತಾ ಮೇಲೆ ಬಂದು ಸ್ವಂತ ಅಂಗಡಿ ಹಾಕಿದವನಿಗೆ ಅಂಥದಕ್ಕೆ ಪುರುಸೊತ್ತು ಇರುವುದಿಲ್ಲ. ಯಾರಾದರೂ ಇಂಥ ಸಂಗತಿ ಹೇಳಿದರೆ, ಅವತ್ತು ನೀವು ಊಟ ಮಾಡಿದ್ದಿರೋ ಇಲ್ಲವೋ ಎಂದು ಕೇಳಿ ನಗುತ್ತಿದ್ದೆ. ಈಗ ನೀವು ನನ್ನನ್ನು ಹಾಗೇ ಕೇಳಬಹುದು. ಮಾಡಿದ್ದೆ. ಹೊಟ್ಟೆತುಂಬ ರೊಟ್ಟಿ, ಪುಂಡಿಪಲ್ಯ ತಿಂದೇ ಮನೆ ಬಿಟ್ಟಿದ್ದೆ.

ನಮ್ಮಪ್ಪ ಕಲಬುರಗಿ ಗಂಜಿನಲ್ಲಿ ತೊಗರಿಯ ದಲಾಲರಾಗಿದ್ದರು. ಆಗ ವ್ಯಾಪಾರದ ಮಾತು ಬಾಯಲ್ಲಿ ಆಗುತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರ, ಅಂದರೆ ವಲ್ಲಿಯನ್ನು ಕೈಮೇಲೆ ಹಾಸಿ, ಅದರ ಕೆಳಗೆ ಕೊಳ್ಳುವವನೂ ಮಾರುವವನೂ ಕೈ ಹಿಡಿಯುತ್ತಿದ್ದರು. ನೂರರ ಲೆಕ್ಕವೋ ಹತ್ತರ ಲೆಕ್ಕವೋ ಎಂಬುದನ್ನು ಮೊದಲೇ ಬಾಯಲ್ಲಿ ಹೇಳಿ, ಉಳಿದದ್ದನ್ನು ಬೆರಳು ಒತ್ತಿ ತಿಳಿಸುವುದು. ಸುತ್ತ ನಿಂತ ಮಂದಿಗೆ ಬೆಲೆ ಗೊತ್ತಾಗಬಾರದು. ಕೈ ಹಿಡಿದಾಗ ಎದುರಿನವನ ಮುಖ ನೋಡುವಂತಿಲ್ಲ. ನೋಡಿದರೆ ನಿಮ್ಮ ಮುಖವೂ ಅವನಿಗೆ ಕಾಣುತ್ತದೆ, ನಿಮ್ಮ ಗರಜು ತಿಳಿದುಹೋಗುತ್ತದೆ. ಒಮ್ಮೆ ಬಾಯಿಬಿಟ್ಟು ‘ಆಯ್ತು’ ಅಂದರೆ ಮುಗಿಯಿತು, ಹಿಂದೆ ಸರಿಯುವಂತಿಲ್ಲ. ಇದನ್ನೆಲ್ಲ ಅಪ್ಪನೇ ನನಗೆ ಕಲಿಸಿದ್ದು.

ಅಪ್ಪನ ಕೈಯನ್ನು ವಲ್ಲಿಯೊಳಗೂ ಗುರುತು ಹಿಡಿಯಬಹುದಿತ್ತು. ಅವರ ಹತ್ತಿರ ಒಂದು ಹಳೆಯ ವಿಲಾಯತಿ ಕಾರಿತ್ತು. ಅದನ್ನು ಮುಂದುಗಡೆ ಹ್ಯಾಂಡಲ್ ಹಾಕಿ ತಿರುವಿ ಚಾಲೂ ಮಾಡಬೇಕಿತ್ತು. ಒಮ್ಮೆ ಹ್ಯಾಂಡಲ್ ಹಿಂದಕ್ಕೆ ಒದ್ದು ಅವರ ಬಲಗೈ ಹೆಬ್ಬೆರಳು ಮುರಿಯಿತು. ಕೂಡಿಕೊಂಡಾಗ ಅಂಗೈಯ ಕಡೆಗೆ ಸೊಟ್ಟಗೆ ಕೂಡಿತು. ನನಗೆ ವ್ಯಾಪಾರ ಕಲಿಸುವಾಗ, ಇನ್ನು ಎಳೆದಾಡಬೇಡ, ಇಲ್ಲಿಗೆ ಮುಗಿಸು ಎನ್ನುವುದಕ್ಕೆ ಆ ಸೊಟ್ಟ ಬೆರಳಿನ ಉಗುರಿನಿಂದ ನನ್ನ ಅಂಗೈಯನ್ನು ಮೆಲ್ಲಗೆ ಕೆರೆಯುತ್ತಿದ್ದರು. ಅದು ನಮ್ಮಿಬ್ಬರ ನಡುವಿನ ಗುರುತು, ಗಂಜಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಿಜಾಮರ ಆಳಿಕೆಯ ಕೊನೆಗೆ ರಜಾಕಾರರ ಗದ್ದಲ ಎದ್ದಾಗ ಕಾರು ಇದ್ದವರ ಮನೆಮೇಲೆ ಎಲ್ಲರ ಕಣ್ಣು. ಅಪ್ಪ ಹೇಗೋ ಪೆಟ್ರೋಲು ಹೊಂದಿಸಿಕೊಂಡು, ಕಮಲಾಪುರದ ಕಡೆ ಯಾರದೋ ಹೊಲದಲ್ಲಿ ಜೋಳದ ಕಣಿಕೆಯ ಬಣವೆಯೊಳಗೆ ಕಾರು ಮುಚ್ಚಿಟ್ಟು ಬರುತ್ತೇನೆಂದು ಹೋದರು. ವಾಪಸ್ಸು ಬರಲಿಲ್ಲ. ಪೊಲೀಸ್ ಆ್ಯಕ್ಷನ್ ಮುಗಿದ ಮೇಲೆ ಸುದ್ದಿ ಬಂತು: ಆ ಕಡೆಯ ಒಂದು ಹಳ್ಳಿಯಲ್ಲಿ ಜ್ವರ ಬಂದು ತೀರಿಕೊಂಡರು, ಊರವರೇ ಮಣ್ಣು ಮಾಡಿದರು. ನಾವು ಮುಖ ನೋಡಲಿಲ್ಲ. ನನಗೆ ಅಳುವೂ ಬರಲಿಲ್ಲ. ಮರುದಿನ ಗಂಜಿಗೆ ಹೋಗಿ ಚೀಲ ಆಯ್ದೆ.

ಅವ್ವ ನಂಬಲಿಲ್ಲ. ದಿನಾ ರಾತ್ರಿ ಅಪ್ಪನ ತಾಟಿನಲ್ಲಿ ರೊಟ್ಟಿ ಇಟ್ಟು ಮುಚ್ಚುತ್ತಿದ್ದಳು. ಬೆಳಿಗ್ಗೆ ಅದನ್ನು ಆಕಳಿಗೆ ಹಾಕುತ್ತಿದ್ದಳು. ಬಂಧುಗಳು ಬೈದರು, ಬುದ್ಧಿ ಹೇಳಿದರು. ಅವಳದು ಒಂದೇ ಮಾತು: “ಅವರ ಮಾರಿ ನೋಡಲಿಲ್ಲ. ಅವರ ಗಾಡಿನಾದ್ರೂ ತಂದು ತೋರಸು, ನಂಬ್ತೀನಿ.” ಹೀಗೆ ಕೆಲವು ವರ್ಷ ಕಳೆದವು. ಅವ್ವ ತಾನು ಉಣ್ಣುವುದನ್ನು ಕಡಿಮೆ ಮಾಡುತ್ತಾ ಬಂದಳು. ತಾಟು ಮಾತ್ರ ತಪ್ಪಲಿಲ್ಲ. ಈ ಕಾರು ಸಿಗದಿದ್ದರೆ ಅವ್ವನೂ ಉಳಿಯುವುದಿಲ್ಲ ಎಂದು ನನಗೆ ಗೊತ್ತಾಗಿತ್ತು.

ಕಾರು ಸಿಕ್ಕಿದ್ದು ಗಾಲಿಯಿಂದ. ಒಂದು ದಿನ ಕಲಬುರಗಿಯಲ್ಲಿ ನಮ್ಮ ಮನೆಯಿದ್ದ ಶಹಾಬಜಾರಕ್ಕೆ ಕೆಂಪು ಬಾಳೆಗೊನೆ ಹೇರಿಕೊಂಡು ಒಂದು ಎತ್ತಿನಗಾಡಿ ಬಂತು. ಅದರ ಗಾಲಿ ಮರದ್ದಲ್ಲ, ಕಾರಿನದು. ಮಣ್ಣು ಒರೆಸಿ ನೋಡಿದೆ. ಹಳದಿ ಬಣ್ಣ, ನಡುವೆ ಕುಂಕುಮದಂಥ ಕೆಂಪು ಬೊಟ್ಟು. ಅಪ್ಪ ತಾವೇ ಹಚ್ಚಿದ್ದು. ಗಾಡಿ ಹೊಡೆಯುವವನಿಗೆ ಏನೂ ತೋರಗೊಡದೆ, ಬಾಳೆಯ ರೇಟು ಕೇಳುತ್ತಾ ಊರು, ತೋಟ ಎಲ್ಲ ತಿಳಿದುಕೊಂಡೆ.

ತೋಟ ಕಮಲಾಪುರದಲ್ಲಿತ್ತು, ಭೀಮಶಾ ಎಂಬ ಮುದುಕನದು. ವಾರಸುದಾರರಿಲ್ಲದ ಮಾಲೆಂದು ಹರಾಜಿಗೆ ಬಂದ ಕಾರನ್ನು ಅವನು ಕೊಂಡಿದ್ದ. ಎಂಜಿನ್ ಒಂದು ಹಿಟ್ಟಿನ ಗಿರಣಿಗೆ ಹೋಗಿತ್ತು, ಗಾಲಿಗಳು ಎರಡು ಎತ್ತಿನಗಾಡಿಗಳಿಗೆ. ಕಲ್ಲುಗಳ ಮೇಲೆ ನಿಲ್ಲಿಸಿದ್ದ ಕಾರಿನೊಳಗೆ ಹುಲ್ಲು ತುಂಬಿ, ಹೊಗೆ ಹಾಕಿ, ಬಾಗಿಲು ಮುಚ್ಚಿ ಅವನು ಬಾಳೆ ಹಣ್ಣು ಮಾಡುತ್ತಿದ್ದ. ಬಾಗಿಲು ತೆಗೆದರೆ ಹಣ್ಣಿನ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಮೊದಲ ಸಲ ನಾನು ಬೆಲೆಯನ್ನೇ ಕೇಳದೆ, ತುಕ್ಕು ಹಿಡಿದಿದೆ ಎಂದು ಗೊಣಗಿ ಬಂದೆ. ಕೊಳ್ಳಲೇಬೇಕಾದ ಮಾಲಿಗೆ ಹಾಗೇ ಮಾಡಬೇಕು. ಅದು ನಮ್ಮಪ್ಪನ ಕಾರು ಎಂದಂತೂ ಹೇಳಲಿಲ್ಲ. ಹಳೇ ಕಬ್ಬಿಣಕ್ಕೆ ಬೇಕು ಅಂದಿದ್ದೆ.

ಎರಡನೆಯ ಸಲ ಹೋದಾಗ ನಡುಮಧ್ಯಾಹ್ನ. ಕಾರು ಹತ್ತಲು ಪಕ್ಕದಲ್ಲಿದ್ದ ಪಾವಟಿಗೆಯ ಮೇಲೆ ಇಬ್ಬರೂ ಒತ್ತಾಗಿ ಕೂತೆವು, ಭೀಮಶಾ ನನ್ನ ಬಲಕ್ಕೆ. ನೂರರ ಲೆಕ್ಕ ಎಂದು ಮಾತಾಯಿತು. ನಾನು ಬಲಗೈ ಚಾಚಿ ಅದರ ಮೇಲೆ ವಲ್ಲಿ ಹಾಸಿದೆ, ರೂಢಿಯಂತೆ ಮುಖ ತಿರುಗಿಸಿ ರಸ್ತೆಯ ಕಡೆ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ವಲ್ಲಿಯೊಳಗೆ ಕೈ ಬಂತು. ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ನನ್ನ ಐದೂ ಬೆರಳನ್ನು ಕೂಡಿಸಿ ಒತ್ತಿತು. ಆಮೇಲೆ ನಾಲ್ಕು. ಒಂಬತ್ತು. ಈ ಮುದುಕನಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡು ಕೈ ಎಳೆದುಕೊಳ್ಳಬೇಕು, ಅಷ್ಟರಲ್ಲಿ ಹೆಬ್ಬೆರಳು ನನ್ನ ಅಂಗೈಗೆ ತಗಲಿತು. ಸೊಟ್ಟಗಿತ್ತು. ಅದರ ಉಗುರು ಮೆಲ್ಲಗೆ ಕೆರೆಯಿತು.

ನನ್ನ ಬಾಯಿಂದ ಮಾತು ಹೊರಬಿತ್ತು: “ಆಯ್ತು. ಒಂಬೈನೂರು.”

“ಏನಾಯ್ತ್ರೀ? ಯಾರ ಜೋಡಿ ಮಾತಾಡಾಕತ್ತೀರಿ?” ಎಂದ ಭೀಮಶಾ. “ನಾ ಇನ್ನಾ ಕೈನೇ ಕೊಟ್ಟಿಲ್ಲಲ್ರೀ.”

ತಿರುಗಿ ನೋಡಿದೆ. ಅವನ ಒಂದು ಕೈಯಲ್ಲಿ ಅಡಕೊತ್ತು, ಇನ್ನೊಂದರಲ್ಲಿ ಅಡಿಕೆ. ವಲ್ಲಿ ತೆಗೆದೆ. ಅದರ ಕೆಳಗೆ ನನ್ನ ಕೈಯೊಂದೇ, ಅಂಗೈ ಮೇಲಾಗಿ ಬಿದ್ದಿತ್ತು. ಅವನ ಕೈ ಹಿಡಿದು ಹೆಬ್ಬೆರಳು ನೋಡಿದೆ. ಬಾಳೆಯ ಸೊನೆಯಿಂದ ಕಪ್ಪಾಗಿತ್ತು, ನೆಟ್ಟಗಿತ್ತು. ನನಗೆ ಹೆದರಿಕೆ ಆಗಲಿಲ್ಲ, ದುಃಖವೂ ಆಗಲಿಲ್ಲ. ಮೊಣಕೈವರೆಗೆ ಜೋಮು ಹಿಡಿದಿತ್ತು, ಅಷ್ಟೇ. ಆಡಿದ ಮಾತು ಆಡಿದ್ದೇ. ಕಿಸೆಯಲ್ಲಿದ್ದುದನ್ನು ಎಡಗೈಯಿಂದ ತೆಗೆದುಕೊಟ್ಟೆ, ಉಳಿದದ್ದು ಕಾರು ಮುಟ್ಟಿಸಿದ ಮೇಲೆ ಅಂದೆ.

ಭೀಮಶಾ ಗಾಲಿಗಳನ್ನು ತಿರುಗಿ ಹಾಕಿ, ಕಾರಿನ ಮುಂದೆ ಎತ್ತು ಕಟ್ಟಿದ. ನಾನು ಒಳಗೆ ಕೂತು ಸ್ಟೀರಿಂಗ್ ಹಿಡಿದೆ, ಅವನು ಎತ್ತಿನ ಜೊತೆ ನಡೆದ. ದಾರಿಯಲ್ಲಿ ಅವನೇ, ತಾನು ಇನ್ನೂರು ಕೇಳಬೇಕೆಂದಿದ್ದುದನ್ನು ಹೇಳಿ, ಈ ಗಾಡಿ ಯಾರದು ಎಂದು ಕೇಳಿದ. ನಮ್ಮಪ್ಪನದು ಅಂದೆ. ಅವನು ತಲೆ ಅಲ್ಲಾಡಿಸಿದ. “ಮೊದಲಾ ಹೇಳಬೇಕಿಲ್ರೀ ಮಾಲಕ, ಸಾವಿರ ಕೇಳ್ತಿದ್ದೆ.”

ಮರುದಿನ ಬೆಳಿಗ್ಗೆ ಶಹಾಬಜಾರ ಮುಟ್ಟಿದೆವು. ನಮ್ಮ ಗಲ್ಲಿ ಇಕ್ಕಟ್ಟು, ಕಾರು ಒಳಗೆ ಬರಲಿಲ್ಲ. ಅವ್ವನನ್ನು ಎತ್ತಿಕೊಂಡು ಗಲ್ಲಿಯ ಬಾಯಿಗೆ ತಂದೆ. ಅವಳು ಗಾಲಿಯ ಕೆಂಪು ಬೊಟ್ಟನ್ನು ಮುಟ್ಟಿದಳು. ಹುಲ್ಲು ಅಂಟಿದ್ದ ಸೀಟಿನ ಮೇಲೆ ಕೂತಳು. ಅಳಲಿಲ್ಲ. ಎಷ್ಟು ಕೊಟ್ಟಿ ಎಂದು ಕೇಳಿದಳು. ಸುತ್ತ ಮಂದಿ ನಿಂತಿದ್ದರು. ನಾಚಿಕೆಗೆ ಇನ್ನೂರು ಅಂದೆ.

“ನಿಮ್ಮಪ್ಪನೂ ಮಂದಿ ಮುಂದ ಹಿಂಗಾ ಹೇಳ್ತಿದ್ರು. ಖರೆ ಹೇಳು.”

ಅವಳ ಕಿವಿಯಲ್ಲಿ ಹೇಳಿದೆ. ಅವ್ವ ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು ಮೆಲ್ಲಗೆ ಅಂದಳು:

“ಅವರೂ ಅಷ್ಟಕ್ಕಾ ತಂದಿದ್ರು. ಗಂಜಿನ್ಯಾಗ ನಾಕನೂರು ಅಂತ ಹೇಳಿದ್ರು. ಖರೆ ರೇಟು ನನಗೊಬ್ಬಾಕಿಗೆ ಗೊತ್ತಿತ್ತು.”

ಕಾರು ಮನೆಗೆ ಬಂದ ವರ್ಷ ನಾನು ತೊಟ್ಟಿಲಲ್ಲಿದ್ದೆ. ಆ ಬೆಲೆ ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ರಾತ್ರಿ ಅವ್ವ ನನ್ನ ಜೊತೆಗೇ ಕೂತು ಉಂಡಳು. ಅಪ್ಪನ ತಾಟು ಗೂಡಿನಲ್ಲೇ ಇತ್ತು. ಇಡುವುದಿಲ್ಲವೇ ಎಂದು ಕೇಳಿದೆ. “ಇನ್ನ್ಯಾಕ? ಬಂದು ಹೋದ್ರಲ್ಲ” ಅಂದಳು. ಆಮೇಲೆ ಹಲವು ವರ್ಷ ಬದುಕಿದ್ದಳು. ಆ ತಾಟನ್ನು ಮತ್ತೆ ತೆಗೆಯಲಿಲ್ಲ.

ನಾನು ಎಲ್ಲ ರೀತಿಯಿಂದಲೂ ಲೆಕ್ಕ ಹಾಕಿ ನೋಡಿದ್ದೇನೆ. ಬಿಸಿಲು ಹತ್ತಿತ್ತು ಅನ್ನೋಣವೆಂದರೆ ನೆರಳಲ್ಲಿ ಕೂತಿದ್ದೆವು. ಕೈಗೆ ಜೋಮು ಹಿಡಿದು ಹಾಗನಿಸಿತು ಅನ್ನೋಣವೆಂದರೆ ಜೋಮು ಹಿಡಿದದ್ದು ಆಮೇಲೆ. ಅಪ್ಪನೇ ಅನ್ನೋಣವೆಂದರೆ ಅದೂ ಒಪ್ಪುವುದಿಲ್ಲ. ಇನ್ನೂರರ ಮಾಲಿಗೆ ಸ್ವಂತ ಮಗನ ಕೈಯಿಂದ ಒಂಬೈನೂರು ಕೊಡಿಸುವ ದಲಾಲ ಅವರಲ್ಲ. ಆದರೆ ತಮ್ಮ ಕಾರು ತಾವು ಕೊಟ್ಟದ್ದಕ್ಕಿಂತ ಕಡಿಮೆಗೆ ಹೋಗುವುದನ್ನು ಸಹಿಸುವವರೂ ಅಲ್ಲ. ಇಲ್ಲಿಗೆ ಬಂದು ನನ್ನ ಲೆಕ್ಕ ನಿಲ್ಲುತ್ತದೆ. ಕಾರು ಅಂಗಡಿಯ ಹಿಂದೆ ನಿಂತಿದೆ. ಬಿಸಿಲು ಏರಿದರೆ ಈಗಲೂ ಬಾಳೆಯ ವಾಸನೆ ಬರುತ್ತದೆ.

ನಿಮಗೆ ಹೇಳುವುದಿಷ್ಟು. ತೀರಿಹೋದವರ ವಸ್ತು ಕೊಳ್ಳಲು ಹೋದಾಗ ಚೌಕಾಶಿಗೆ ನೀವು ಕೂಡಬೇಡಿ, ಬೇರೆಯವರನ್ನು ಕೂಡಿಸಿ. ನೀವೇ ಕೂಡಬೇಕಾಗಿ ಬಂದರೆ, ಎದುರಿನವನ ಎರಡೂ ಕೈ ಎಲ್ಲಿವೆ ಎಂದು ನೋಡಿಕೊಂಡ ಮೇಲೆಯೇ ವಲ್ಲಿ ಹಾಸಿ. ಮತ್ತೆ, ಮಂದಿಯ ಮುಂದೆ ಏನು ಬೇಕಾದರೂ ಹೇಳಿಕೊಳ್ಳಿ, ಆದರೆ ಖರೆ ರೇಟನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಅದು ಯಾವಾಗ ಯಾರಿಗೆ ಬೇಕಾಗುತ್ತದೋ ಗೊತ್ತಾಗುವುದಿಲ್ಲ.