ಹನುಮವ್ವ ಒಪ್ಪದ ಮೊದಲ ಸಾಲು

ಸಾವಿರದ ಎಂಟುನೂರ ಎಂಬತ್ತರ ದಶಕ. ನಾನಾಗ ಬಳ್ಳಾರಿ ಕೋರ್ಟಿನಲ್ಲಿ ತರ್ಜುಮೆದಾರ. ಸಾಕ್ಷಿಗಳ ಹೇಳಿಕೆಯನ್ನು ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷಿಗೆ ಇಳಿಸಿ ಜಡ್ಜಿ ಸಾಹೇಬರಿಗೆ ಒಪ್ಪಿಸುವುದು ನನ್ನ ಕೆಲಸ. ಚೆನ್ನಾಗಿ ಮಾಡಿದರೆ ಕೇಳುವವರಿಲ್ಲ, ತಪ್ಪಿದರೆ ಬೈಯಲು ಊರೆಲ್ಲ ಸಿದ್ಧ.

ಸಿರುಗುಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ಸೌಳು ಮಣ್ಣಿನಿಂದ ಉಪ್ಪು ತೆಗೆದು ಬದುಕುವವರಿದ್ದರು. ಸರ್ಕಾರ ಅದನ್ನು ನಿಷೇಧಿಸಿತು. ಜವಾನರು ಬಂದು ಉಪ್ಪಿನ ಮಡಿಗಳನ್ನು ತುಳಿದು ಹಾಳು ಮಾಡಿದಾಗ ಜನ ಅಡ್ಡ ನಿಂತರು. ಕೋಲುಗಳು ಎದ್ದವು, ಒಬ್ಬ ಜವಾನ ಸತ್ತ. ತಿಮ್ಮಪ್ಪ ಎಂಬ ಯುವಕ ಮೊದಲ ಆರೋಪಿಯಾದ. ಪೊಲೀಸರು ಇದನ್ನು ಸರ್ಕಾರದ ವಿರುದ್ಧದ ದಂಗೆ ಎಂದರು. ಊರವರ ಪಾಲಿಗೆ ಅದು ಹೊಡೆದಾಟ. ದಂಗೆಯೆಂದು ತೀರ್ಮಾನವಾದರೆ ತಿಮ್ಮಪ್ಪನಿಗೆ ಕರಿನೀರು, ಅಂದರೆ ಅಂಡಮಾನ್. ಹೊಡೆದಾಟವಾದರೆ ಬಳ್ಳಾರಿ ಜೈಲಿನಲ್ಲಿ ಕೆಲವು ವರ್ಷ.

ಕುರುಗೋಡಿನ ಚಾವಡಿಯಲ್ಲಿ ಹನ್ನೊಂದು ಸಾಕ್ಷಿಗಳ ಹೇಳಿಕೆ ಬರೆದುಕೊಂಡೆ. ಪೊಲೀಸ್ ವರದಿಯ ತಲೆಬರಹವನ್ನೇ ಪ್ರತಿ ಹೇಳಿಕೆಯ ಮೇಲೂ ನಕಲು ಮಾಡುವುದು ನಮ್ಮ ಕಚೇರಿಯ ರೂಢಿ. ಹಾಗಾಗಿ ಎಲ್ಲದರ ಮೇಲೂ ‘ದಂಗೆಯ ಬಗ್ಗೆ ಹೇಳಿಕೆ’ ಎಂದಿತ್ತು. ಓದಿ ಹೇಳುವಾಗ ಮಾತ್ರ ಎರಡನೆಯ ಸಾಲಿನಿಂದ ಶುರು. ಹತ್ತು ಜನ ಕೇಳಿ, ತಲೆಯಾಡಿಸಿ, ಸಹಿಯ ಬದಲು ನಿಶಾನಿ ಹಾಕಿ ಹೋದರು.

ಹನ್ನೊಂದನೆಯವಳು ತಿಮ್ಮಪ್ಪನ ತಾಯಿ ಹನುಮವ್ವ. ಅಷ್ಟು ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಅದೇ ಗುಂಗಿನಲ್ಲಿ ಮೇಲಿನ ಸಾಲಿನಿಂದಲೇ ಓದಿಬಿಟ್ಟೆ. ನಿಶಾನಿ ಹಾಕಲು ಹಿಡಿದಿದ್ದ ಲೆಕ್ಕಣಿಕೆಯನ್ನು ಆಕೆ ಕೆಳಗಿಟ್ಟಳು.

“ಮದಲನೇ ಮಾತು ನಾ ಹೇಳಿಲ್ರಿ ರಾಯರ. ಅದನ್ನ ತೆಗೀರಿ.”

“ಅದು ಬರೇ ತಲೆಬರಹ ಬೇ. ಎಲ್ಲಾರ್ದಕ್ಕೂ ಐತಿ.”

“ಎಲ್ಲಾರ್ದಕ್ಕೂ ಇದ್ರ ಇರಲಿ. ಮಡಿ ತುಳದ್ರು, ನನ್ನ ಮಗ ಅಡ್ಡ ಹೋದ. ನಾ ಹೇಳಿದ್ದು ಅಷ್ಟ.”

ಸಿಟ್ಟು ಬಂತು. ಆದರೂ ಗೆರೆ ಎಳೆದು ಹೊಡೆದುಹಾಕಿದೆ. ಆಗ ಅವಳು ನಿಶಾನಿ ಹಾಕಿದಳು. ಮಿಕ್ಕ ಹತ್ತರ ನೆನಪಾಯಿತು; ಅವರಿಗೆ ಆ ಸಾಲನ್ನು ನಾನು ಓದಿಯೇ ಇರಲಿಲ್ಲ.

ಬಳ್ಳಾರಿಗೆ ಮರಳಿ, ಶಿರಸ್ತೇದಾರರಿಗೆ ವಿಷಯ ತಿಳಿಸಿದೆ. ಕಚೇರಿಯಲ್ಲಿ ಅವರೇ ನನ್ನ ಮೇಲಿನವರು. “ಇಲ್ಲದ ಉಸಾಬರಿ ನಿಮಗ್ಯಾಕ್ರಿ? ಹತ್ತು ಮಂದೀನ ಮತ್ತ ಕರಸಾಕ ಆಗ್ತದೇನು?” ಎಂದರು. ಆಗುತ್ತಿತ್ತು. ಆದರೆ ಕರೆಸಿದರೆ ನನ್ನ ತಪ್ಪು ದಾಖಲೆಗೆ ಬರುತ್ತಿತ್ತು. ಅವರ ಮಾತು ನನಗೆ ಅನುಕೂಲವೇ ಆಯಿತು. ಹತ್ತನ್ನೂ ತಲೆಬರಹ ಸಮೇತ ಇಂಗ್ಲಿಷಿಗೆ ಇಳಿಸಿ ಒಪ್ಪಿಸಿದೆ.

ತೀರ್ಪಿನ ದಿನ ಸಾಹೇಬರು ಆ ಹತ್ತು ಹೇಳಿಕೆಗಳನ್ನೇ ಎತ್ತಿ ಹಿಡಿದರು. ಸ್ವಂತ ಊರಿನ ಹತ್ತು ಜನರೇ ಇದನ್ನು ದಂಗೆಯೆಂದು ಕರೆದಿದ್ದಾರೆ, ಹೆತ್ತ ತಾಯಿಯೊಬ್ಬಳು ಒಪ್ಪದಿರುವುದು ಸಹಜ ಎಂದರು. ತಿಮ್ಮಪ್ಪನಿಗೆ ಕರಿನೀರಾಯಿತು.

ಹನುಮವ್ವ ಹೊರಗೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

“ನಮ್ಮೂರಾಗ ಯಾರಿಗೂ ಓದಾಕ ಬರಂಗಿಲ್ರಿ ರಾಯರ. ಆ ಹತ್ತೂ ಮಂದಿ ಬಾಯಾಗ ಆ ಮಾತು ಇಟ್ಟೋರು ಯಾರ್ರಿ?”

ನಾನು ಕಾಗದಗಳನ್ನು ಕಂಕುಳಿಗೆ ಸೇರಿಸಿಕೊಂಡು ಕಚೇರಿಯೊಳಗೆ ಹೋಗಿಬಿಟ್ಟೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಅಲ್ಲಿಂದ ನಿವೃತ್ತಿಯವರೆಗೆ ಹೇಳಿಕೆ ಮುಗಿಯದೆ ನಾನು ತಲೆಬರಹ ಬರೆಯಲಿಲ್ಲ. ಬರೆದದ್ದನ್ನು ಸಾಕ್ಷಿಗೆ ಮೊದಲ ಸಾಲಿನಿಂದಲೇ ಓದಿ ಹೇಳಿದೆ. ಕೆಲಸ ನಿಧಾನವಾಯಿತು, ಬೈಸಿಕೊಂಡೆ, ಬಡ್ತಿಯೂ ತಡವಾಯಿತು. ತಿಮ್ಮಪ್ಪ ಅಂಡಮಾನಿನಿಂದ ವಾಪಸು ಬರಲಿಲ್ಲ.