ಮಾರಪ್ಪನವರ ದಿಂಬಿನಿಂದ ಕಂಡ ಟಿ.ವಿ.

ಭದ್ರಾವತಿಯ ನ್ಯೂ ಟೌನಿನಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಯೋಗರಾಜ್ ಅವರ ಮನೆಯ ಹಾಲ್‌ನಲ್ಲಿ ಆಗಲೇ ಎರಡು ಟಿ.ವಿ.ಗಳು ಒಟ್ಟಿಗೆ ನಡೆಯುತ್ತಿವೆ. ಮೇಜಿನ ಮೇಲೆ ಹಳೆಯ ಪ್ಲಾಸ್ಮಾ, ಅದರ ಮೇಲ್ಗಡೆ ಗೋಡೆಯಲ್ಲಿ ಎತ್ತರಕ್ಕೆ ತೂಗುಹಾಕಿದ ಎಲ್‌ಸಿಡಿ. ಎರಡರಲ್ಲೂ ಒಂದೇ ಕಬಡ್ಡಿ ಪಂದ್ಯ. ಟಿ.ವಿ. ರಿಪೇರಿಯ ಧನಲಕ್ಷ್ಮಿ ಶಿವಮೊಗ್ಗದಿಂದ ಸ್ಕೂಟರಿನಲ್ಲಿ ಬಂದಿದ್ದಾರೆ. "ಚಿತ್ರ ಹೆಂಗಿದೆ ಅಂತ ಕತ್ಲಲ್ಲೂ ನೋಡ್ಬೇಕು, ಬಿಸ್ಲು ಬಂದ್ಮೇಲೂ ನೋಡ್ಬೇಕು. ಅದಕ್ಕೇ ಇಷ್ಟು ಬೇಗ ಬರ್ತೀನಿ. ಕಾಫಿ ಮಾತ್ರ ನಿಮ್ಮನೇದು," ಎಂದು ಮನೆಯೊಡತಿ ಚಿನ್ನಮ್ಮನವರನ್ನು ನಗಿಸಲು ನೋಡುತ್ತಾರೆ.

ಚಿನ್ನಮ್ಮನವರಿಗೆ ನಗು ಬರುತ್ತಿಲ್ಲ. ಗಂಡ ಮಾರಪ್ಪ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಹೋದ ವರ್ಷ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿದೆ, ಮಾತು ತೊದಲುತ್ತದೆ. ತಗ್ಗಿನ ಮಂಚದಲ್ಲಿ ಮಲಗಿ ಟಿ.ವಿ. ನೋಡುವುದೊಂದೇ ಅವರಿಗೆ ಹೊತ್ತು ಹೋಗುವ ದಾರಿ. ಪ್ಲಾಸ್ಮಾ ಪದೇ ಪದೇ ಕೆಡುತ್ತದೆಂದು ಮಗ ಯೋಗರಾಜ್ ಎಲ್‌ಸಿಡಿ ತಂದರು. ಅಂದಿನಿಂದ ಮಾರಪ್ಪ ಟಿ.ವಿ.ಗೆ ಬೆನ್ನು ಹಾಕಿ ಮಲಗಿದ್ದಾರೆ. ಕೇಳಿದರೆ "ಎಲ್ರ ಮುಖ ಕಪ್ಪು" ಎಂದಷ್ಟೇ ಉತ್ತರ. "ಮೊದ್ಲಿಂದ್ಲೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರು. ಆದ್ರೆ ಈಗ ತಲೆಗೇ ಏನಾದ್ರೂ ಆಯ್ತೇನೋ ಅಂತ ಹೆದ್ರಿಕೆ ಕಣಮ್ಮ," ಎಂದು ಚಿನ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ಧನಲಕ್ಷ್ಮಿ ಈ ಕಸುಬು ಕಲಿತದ್ದು ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯಲ್ಲಿ, ತಂದೆ ಚೌಡಯ್ಯನವರ ರೇಡಿಯೊ ಅಂಗಡಿಯಲ್ಲಿ. ತಂದೆ ತೀರಿಕೊಂಡ ಮೇಲೆ ಸೋಲ್ಡರಿಂಗ್ ಐರನ್ ಹಿಡಿದು ಇವರೇ ಕೂತರೂ, ಬಂದವರು "ಮೆಕ್ಯಾನಿಕ್ ಎಲ್ಲಮ್ಮ?" ಎನ್ನುತ್ತಿದ್ದರು. "ಊಟಕ್ಕೆ ಹೋಗಿದಾರೆ, ಬಿಟ್ಟುಹೋಗಿ ಅಂತಿದ್ದೆ. ಸಂಜೆ ಹೊತ್ತಿಗೆ ರಿಪೇರಿ ಆಗಿರೋದು. ಆ ಮೆಕ್ಯಾನಿಕ್ ಊಟ ಮುಗ್ಸಿ ಇನ್ನೂ ಬಂದಿಲ್ಲ ನೋಡಿ!" ದಿನಕ್ಕೆ ನಾಲ್ಕೈದು ಟಿ.ವಿ. ಬಿಚ್ಚುತ್ತಾರೆ. ಭಾರದ ಪ್ಲಾಸ್ಮಾಗಳನ್ನು ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿದೆ.

ಆದರೂ ಪ್ಲಾಸ್ಮಾ ಎಂದರೆ ಅವರಿಗೆ ಪ್ರಾಣ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಛೇಡಿಸಿದರೆ ಸಿಟ್ಟೇ ಬರುತ್ತದೆ. "ಕಪ್ಪು ಅಂದ್ರೆ ಕಪ್ಪೇ ಕಾಣ್ಬೇಕು, ಬೂದಿ ಬಣ್ಣ ಅಲ್ಲ. ಓಡೋರ ಕೈಕಾಲು ಕಲಸಿಹೋಗ್ಬಾರ್ದು. ಅಷ್ಟು ಚೆಂದ ಎಲ್‌ಸಿಡೀಲಿ ಎಲ್ಲಿ ಬರ್ಬೇಕು?" ಈ ನಂಬಿಕೆಯಿಂದಲೇ ಸೋಗಾನೆಯ ಹುಚ್ಚಮ್ಮನಿಗೆ ಒಂದು ಪ್ಲಾಸ್ಮಾ ಕೊಡಿಸಿದ್ದರು. ಮರುದಿನವೇ ಅಜ್ಜಿ ಅಂಗಡಿಯಲ್ಲಿ ಹಾಜರು. "ನೀ ಕೊಡ್ಸಿದ ಟಿ.ವಿ.ಲಿ ಧಾರಾವಾಹಿ ಕಾಣಲ್ಲ ಮಾರಾಯ್ತಿ, ನಮ್ಮ ಅಂಗಳದ ಎಮ್ಮೆ ಕಾಣ್ತದೆ!" ಬಾಗಿಲ ಬೆಳಕು ಬಡಿದು ಗಾಜು ಕನ್ನಡಿಯಾಗಿತ್ತು. ಅಂದಿನಿಂದ ಧನಲಕ್ಷ್ಮಿ ಅಂಗಡಿಯಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಮನೆಗೇ ಹೋಗಿ, ನೋಡುವವರು ಕೂರುವಲ್ಲಿ ಕೂತು, ಮಲಗುವಲ್ಲಿ ಮಲಗಿ ನೋಡುತ್ತಾರೆ.

ಇವತ್ತೂ ಅಷ್ಟೆ. ಯೋಗರಾಜ್ ತಂದೆಯನ್ನು ಎತ್ತಿ ಕುರ್ಚಿಗೆ ಕೂರಿಸುತ್ತಾರೆ. ಧನಲಕ್ಷ್ಮಿ ಮಾರಪ್ಪನವರ ದಿಂಬಿಗೇ ತಲೆಯಿಟ್ಟು ಮಲಗಿ ಎರಡೂ ಪರದೆಗಳನ್ನು ದಿಟ್ಟಿಸುತ್ತಾರೆ. ಪ್ಲಾಸ್ಮಾದಲ್ಲಿ ಆಟಗಾರರು ಇದ್ದಂತೆಯೇ ಇದ್ದಾರೆ. ಮೇಲಿನ ಎಲ್‌ಸಿಡಿಯಲ್ಲಿ ಒಬ್ಬೊಬ್ಬರ ಮುಖಕ್ಕೂ ಮಸಿ ಬಳಿದಂತಿದೆ. "ಯೋಗರಾಜ್ ಅವ್ರೆ, ಇಲ್ಲಿ ಬಂದು ಮಲ್ಕೊಳ್ಳಿ. ನೀವು ನಿಂತ್ಕೊಂಡು ನೋಡಿದೀರ, ಅದಕ್ಕೇ ಸರಿಯಾಗಿ ಕಂಡಿದೆ. ಈ ನಮೂನೆ ಎಲ್‌ಸಿಡೀನ ತಗ್ಗಿಂದ ನೋಡಿದ್ರೆ ಚಿತ್ರ ಕಪ್ಪಿಡುತ್ತೆ."

ಯೋಗರಾಜ್ ಮಲಗುತ್ತಾರೆ. ಬಹಳ ಹೊತ್ತು ಏಳುವುದೇ ಇಲ್ಲ. ಎದ್ದವರು ನೇರ ಕುರ್ಚಿಯ ಬಳಿ ಹೋಗಿ ತಂದೆಯ ಕೈ ಹಿಡಿದುಕೊಳ್ಳುತ್ತಾರೆ. "ತಪ್ಪಾಯ್ತಪ್ಪ. ನೀನು ಹೇಳಿದ್ದೇ ಸರಿ."

ಅಷ್ಟರಲ್ಲಿ ಕಿಟಕಿಯಿಂದ ಬಿಸಿಲು ಒಳಗೆ ಬರುತ್ತದೆ. ಪ್ಲಾಸ್ಮಾದ ಗಾಜಿನಲ್ಲಿ ಕಬಡ್ಡಿ ಮಾಯವಾಗಿ ಕಿಟಕಿಯ ಸರಳುಗಳು ಮೂಡುತ್ತವೆ. ಎಲ್‌ಸಿಡಿಯ ಚಿತ್ರ ಮಾತ್ರ ಬಿಸಿಲಿಗೆ ಜಗ್ಗುವುದಿಲ್ಲ. ಧನಲಕ್ಷ್ಮಿ ನಿಟ್ಟುಸಿರು ಬಿಡುತ್ತಾರೆ. "ಹಗಲೆಲ್ಲ ಬಿಸ್ಲು ಬೀಳೋ ಮನೆ. ಪ್ಲಾಸ್ಮಾಕ್ಕೆ ರಿಪೇರಿ ಸಾಮಾನೂ ಸಿಗ್ತಿಲ್ಲ. ಹೇಳಕ್ಕೆ ಹೊಟ್ಟೆ ಉರಿಯುತ್ತೆ, ಆದ್ರೂ ಎಲ್‌ಸಿಡೀನೇ ಇರ್ಲಿ." ಅದನ್ನು ಗೋಡೆಯಿಂದ ಇಳಿಸಿ, ಪ್ಲಾಸ್ಮಾ ಇದ್ದ ಮೇಜಿನ ಮೇಲಿಟ್ಟು, ಮಂಚಕ್ಕೆ ಎದುರಾಗಿ ತಿರುಗಿಸುತ್ತಾರೆ. ಮತ್ತೆ ಮಲಗಿ ನೋಡಿ, ಹಿಂಬದಿಯ ಅಡಿಗೆ ಒಂದು ರಟ್ಟಿನ ತುಂಡು ಕೊಟ್ಟು ಪರದೆಯನ್ನು ಮಂಚದತ್ತ ತುಸು ಬಾಗಿಸಿ, ಮತ್ತೊಮ್ಮೆ ಮಲಗುತ್ತಾರೆ.

ಮಾರಪ್ಪನವರನ್ನು ಮಂಚಕ್ಕೆ ತರುತ್ತಾರೆ. ಅವರು ನೋಡುತ್ತಾರೆ, ಮನೆಯವರೆಲ್ಲ ಅವರನ್ನೇ ನೋಡುತ್ತಾರೆ. ಪರದೆಯಲ್ಲಿ ಆಟಗಾರನೊಬ್ಬ ಎದುರಾಳಿಯನ್ನು ಮುಟ್ಟಿ ಹಿಂದಕ್ಕೆ ಜಿಗಿಯುತ್ತಾನೆ. "ಗೆರೆ... ತುಳ್ದ," ಎನ್ನುತ್ತಾರೆ ಮಾರಪ್ಪ. ಅಂಪೈರ್ ಔಟ್ ಎಂದು ಸೀಟಿ ಊದಿದ್ದು ಆಮೇಲೆ. ಚಿನ್ನಮ್ಮನವರಿಗೆ ಅಳುವೂ ನಗುವೂ ಒಟ್ಟಿಗೇ ಬರುತ್ತವೆ. "ತಲೆ ನೆಟ್ಟಗೇ ಇದೆ ಕಣಮ್ಮ ನಮ್ಮೆಜಮಾನ್ರದ್ದು!"

ಸ್ಕೂಟರ್ ಹತ್ತುವಾಗ ಧನಲಕ್ಷ್ಮಿಯವರನ್ನು ಇನ್ನೇನು ಆಸೆ ಎಂದು ಕೇಳಿದರೆ, ಸೊಂಟ ನೀವಿಕೊಳ್ಳುತ್ತ ಹೇಳುತ್ತಾರೆ: "ಅಂಗಡಿ ಬೋರ್ಡಲ್ಲಿ ಇನ್ನೂ ಅಪ್ಪನ ಹೆಸರೊಂದೇ ಇದೆ. ಕೆಳಗೆ ನಂದೂ ಬರೆಸ್ಬೇಕು. ಮೆಕ್ಯಾನಿಕ್ ಊಟ ಮುಗ್ಸಿ ಬಂದ್ರು ಅಂತ ಜನಕ್ಕೆ ಗೊತ್ತಾಗ್ಲಿ."