ಎಂಬತ್ಮೂರಾದ ಮೇಲೆ ತೊಂಬತ್ತೊಂದು

ಅಣ್ಣನಿಗೆ ಎದೆಯಲ್ಲಿ ಕಾಯಿಲೆ ಇದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ. ಗೊತ್ತಿದ್ದರೆ ನನ್ನ ಹಾಳು ಸಿಟ್ಟು ಸುಮ್ಮನಿರುತ್ತಿತ್ತೇ? ಅದನ್ನೂ ಎದೆ ಮುಟ್ಟಿಕೊಂಡು ಹೇಳಲಾರೆ.

ನಮ್ಮದು ತುರುವೇಕೆರೆ ಹತ್ತಿರದ ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಸ್ಕೂಲು ಬಿಟ್ಟು ಅಪ್ಪನ ಕೆಲಸಕ್ಕೇ ನಿಂತ. ತೋಟಗಳಲ್ಲಿ ತೆಂಗಿನಕಾಯಿ ಎಣಿಸುವ ಕೆಲಸ. ಕಾಯಿ ಎತ್ತಿ ಎಸೆಯುತ್ತ, ಒಂದು ಅನ್ನುವ ಬದಲು ‘ಲಾಭ’ ಎಂದು ರಾಗವಾಗಿ ಶುರು ಮಾಡಿ ನೂರರ ತನಕ ಕೂಗಬೇಕು. ನೂರಾದಾಗ ಗುರುತಿಗೆ ಒಂದು ಕಾಯಿ ಪಕ್ಕಕ್ಕಿಟ್ಟು, ಸೊಂಟ ನೆಟ್ಟಗೆ ಮಾಡಿಕೊಂಡು, ಮತ್ತೆ ‘ಲಾಭ’. ತೋಟದವರೂ ಕೊಳ್ಳುವವರೂ ಅವನ ಬಾಯನ್ನೇ ನಂಬಿ, ಎಲೆಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿರುತ್ತಿದ್ದರು. ಎಣಿಸುವವನಿಗೆ ‘ಲೆಕ್ಕ ನುಂಗಿದ’ ಅನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಕಡೆ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ತಿಪಟೂರಿನಲ್ಲಿ ಬಿ.ಎ. ಓದುತ್ತಿದ್ದೆ. ಕಾಲೇಜಿನ ಬೋರ್ಡಿಗೆ ಒಂದು ಕಾಗದ ಅಂಟಿಸಿದ್ದರು. ಕಾವೇರಿಯಲ್ಲಿ ಎರಡು ದಿನದ ದೋಣಿ ಪಂದ್ಯ, ದೋಣಿಗೆ ಇಬ್ಬರು, ಯಾರು ಬೇಕಾದರೂ ಸೇರಬಹುದು. ಎರಡನೆಯ ದಿನ ಹೊತ್ತು ಮುಳುಗುವುದರೊಳಗೆ ಗುರಿ ಮುಟ್ಟಿದವರಿಗೆಲ್ಲ ಸರ್ಟಿಫಿಕೇಟು. ಅದಿದ್ದರೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದೆಂದು ಯಾರೋ ನನ್ನ ಕಿವಿಗೆ ಹಾಕಿದರು. ಹುಚ್ಚು ಹಿಡಿಸಲು ಅಷ್ಟು ಸಾಕಾಯಿತು. ಊರ ಕೆರೆಯಲ್ಲಿ ನನಗೆ ಹುಟ್ಟು ಹಾಕಲು ಕಲಿಸಿದವನು ಅಣ್ಣನೇ, ಅವನನ್ನೇ ಕರೆದೆ. ಅವನು ಒಂದು ಗಳಿಗೆ ಅವ್ವನ ಮುಖ ನೋಡಿ, ‘ಆಯ್ತು ಬುಡು, ಬತ್ತೀನಿ’ ಅಂದ. ಅವ್ವನ ಮುಖವನ್ನು ಯಾಕೆ ನೋಡಿದ ಎಂದು ನಾನು ಕೇಳಲಿಲ್ಲ.

ಕೆರೆಯಲ್ಲಿ ಅಭ್ಯಾಸ ಮಾಡುವಾಗ ಅಣ್ಣ ಕಾಯಿ ಎಣಿಸುವ ರಾಗವನ್ನೇ ದೋಣಿಗೆ ತಂದ. ಒಂದು ಸಲ ಹುಟ್ಟು ಹಾಕಿದರೆ ಒಂದು ಎಣಿಕೆ. ನೂರಾದರೆ ಇಬ್ಬರೂ ಹುಟ್ಟು ಮೇಲೆತ್ತಿ, ನಾಲ್ಕು ಉಸಿರು ಸುಧಾರಿಸಿಕೊಂಡು, ಮತ್ತೆ ‘ಲಾಭ’. ಪಂದ್ಯದ ದಿನ ಬೆಂಗಳೂರಿನ ಹುಡುಗರು ಇದನ್ನು ಕೇಳಿ, ಇದೇನು ಕಾಯಿ ಮಂಡಿಯಾ ಎಂದು ಬಿದ್ದು ಬಿದ್ದು ನಕ್ಕರು. ಸಂಜೆ ನೋಡಿದರೆ ಅವರಲ್ಲಿ ಅರ್ಧ ಜನ ನಮ್ಮ ಹಿಂದಿದ್ದರು.

ಎರಡನೆಯ ದಿನ ಮಧ್ಯಾಹ್ನ ಒಂದು ಕಟ್ಟೆ ಅಡ್ಡ ಬಂತು. ದೋಣಿ ಹೊತ್ತು ಬಂಡೆಗಳ ಮೇಲೆ ದಾಟಬೇಕು. ಆಚೆ ಇಳಿಸಿದ ಮೇಲೆ ಅಣ್ಣ ಕಲ್ಲಿನ ಮೇಲೆ ಕೂತುಬಿಟ್ಟ. ಕಾಲು ಉಳುಕಿದೆ ಎಂದ. ಕೈ ಮಾತ್ರ ಎದೆಯ ಮೇಲಿತ್ತು. ನನಗೆ ಕಂಡಿದ್ದು ಪಡುವಣಕ್ಕೆ ವಾಲುತ್ತಿದ್ದ ಹೊತ್ತು ಮಾತ್ರ. ಏಳು ಏಳು ಎಂದು ಎಬ್ಬಿಸಿದೆ.

ಕಟ್ಟೆಯಿಂದ ಕೆಳಗೆ ನೀರಿಗೆ ಸೆಳೆತವಿಲ್ಲ, ಗಾಳಿ ಎದುರಿಗೆ. ನಾನು ಮುಂದೆ ಕೂತಿದ್ದೆ. ಹಿಂದಿನಿಂದ ಅಣ್ಣನ ದನಿ ಮಾತ್ರ ಕೇಳಿಸುತ್ತಿತ್ತು. ಎಂಬತ್ತೆರಡು, ಎಂಬತ್ಮೂರು. ಅದರ ಮೇಲೆ ತೊಂಬತ್ತೊಂದು. ನಡುವಿನ ಏಳು ಎಣಿಕೆ ಇಲ್ಲ. ಬೇಗ ನೂರು ಮುಟ್ಟಿಸಿ ಹುಟ್ಟು ಎತ್ತುವ ಸೋಮಾರಿತನ ಇದು ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. ತಿರುಗಿಯೂ ನೋಡದೆ ಅಂದುಬಿಟ್ಟೆ:

‘ಎಂಬತ್ಮೂರಾದ್ಮೇಲೆ ತೊಂಬತ್ತೊಂದು ಎಂಗ್ ಬತ್ತದಣ್ಣ? ಊರೋರ ತೋಟದಾಗೂ ಇಂಗೇ ನುಂಗ್ತೀಯಾ?’

ಅಣ್ಣ ಮತ್ತೆ ‘ಲಾಭ’ದಿಂದ ಶುರು ಮಾಡಿದ. ಒಂದೂ ಬಿಡದೆ ನೂರು ಮುಟ್ಟಿದ. ನಾನು ಹುಟ್ಟು ಎತ್ತಿದೆ, ಅವನು ಎತ್ತಲಿಲ್ಲ. ನೂರಾದ ಕೂಡಲೇ ‘ಲಾಭ’. ಮತ್ತೆ ನೂರು, ಮತ್ತೆ ‘ಲಾಭ’. ಹಟ ಮಾಡುತ್ತಿದ್ದಾನೆ, ಮಾಡಲಿ ಎಂದುಕೊಂಡೆ. ದನಿ ಸಣ್ಣಗಾಗುತ್ತ ಪಿಸುಮಾತಾಯಿತು, ಎಣಿಕೆ ಮಾತ್ರ ತಪ್ಪಲಿಲ್ಲ.

ಹೊತ್ತು ಇನ್ನೂ ಇದ್ದಾಗಲೇ ಮುಟ್ಟಿದೆವು. ನಾನು ಹಾರಿ ಇಳಿದು ಹೆಸರು ಬರೆಸಲು ಓಡಿದೆ. ಬಂದು ನೋಡಿದರೆ ಅಣ್ಣ ದೋಣಿಯಲ್ಲೇ ಕೂತಿದ್ದ. ನೇರಳೆಹಣ್ಣು ತಿಂದವನ ಹಾಗೆ ತುಟಿ ಕಪ್ಪಿಟ್ಟಿತ್ತು. ‘ಲೆಕ್ಕ ಸರಿ ಹೋಯ್ತೇನ್ಲಾ?’ ಎಂದು ಕೇಳಿದ. ಸರಿ ಹೋಯ್ತು ಬಿಡು ಎಂದು ದೋಣಿ ಎಳೆಯತೊಡಗಿದೆ.

ಆಮೇಲೆ ಅಣ್ಣ ಯಾವ ತೋಟಕ್ಕೂ ಎಣಿಸಲು ಹೋಗಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಹೃದಯವನ್ನು ಕೆಡಿಸಿದೆ ಎಂದು ತಿಪಟೂರಿನ ಡಾಕ್ಟರು ಹೇಳಿದರು. ಅವ್ವ ಅಲ್ಲೇ ಕುಸಿದು ಕೂತು ಅತ್ತಳು. ಅವರಿಬ್ಬರಿಗೂ ಎರಡು ವರ್ಷದ ಹಿಂದೆಯೇ ಗೊತ್ತಿತ್ತಂತೆ. ತಮ್ಮನಿಗೆ ಹೇಳಬೇಡ, ಓದು ಬಿಟ್ಟು ಮನೆಗೆ ಬಂದುಬಿಡುತ್ತಾನೆ ಎಂದು ಅಣ್ಣ ಅವಳಿಂದ ಆಣೆ ಹಾಕಿಸಿಕೊಂಡಿದ್ದನಂತೆ.

ಸಂಕ್ರಾಂತಿ ಮುಗಿದ ಮರುವಾರ, ಮಲಗಿದ್ದಲ್ಲಿಂದಲೇ ನನ್ನನ್ನು ಹತ್ತಿರ ಕರೆದ.

‘ಅವತ್ತು ಏಳು ನುಂಗಿದ್ದು ದಿಟ ಕಣ್ಲಾ. ಉಸ್ರು ಸಾಲ್ಲಿಲ್ಲ. ಊರಾಗೆ ಯಾರ್ಗೂ ಹೇಳ್ಬ್ಯಾಡ.’

ತಪ್ಪು ನಂದಣ್ಣ ಎನ್ನಬೇಕಿತ್ತು. ಅಯ್ಯೋ, ಆ ಮಾತು ಬಾಯಿಗೆ ಬರಲೇ ಇಲ್ಲ. ಯಾರಿಗೂ ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಎಂಟು ದಿನಕ್ಕೆ ಅವನು ಹೋಗಿಬಿಟ್ಟ.

ಆ ಸರ್ಟಿಫಿಕೇಟು ತೋರಿಸಿಯೇ ನನಗೆ ಕೆಲಸ ಸಿಕ್ಕಿತು. ಅದೇ ಕೆಲಸದಲ್ಲಿ ರಿಟೈರೂ ಆದೆ, ಪೆನ್ಷನ್ನೂ ತಿನ್ನುತ್ತಿದ್ದೇನೆ. ಅಣ್ಣನಿಗೆ ಕೊಟ್ಟ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡು, ಇವತ್ತು ಬರೆದು ಮುರಿದೆ. ಎಂಬತ್ಮೂರಾದ ಮೇಲೆ ಅವನು ಒಂದಿಷ್ಟು ಉಸಿರು ತೆಗೆದುಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?